ಗಿರಾಕಿಯ ಕಡೆಗೆ ತಿರುಗುವ ಯಂತ್ರ

ಚೆನ್ನೈನ ಟಿ. ನಗರದ ಉಸ್ಮಾನ್ ರಸ್ತೆಯ ಚಿನ್ನದಂಗಡಿಗಳಲ್ಲಿ ಬಿಲ್ಲು ಹಾಕುವುದು ಕಂಪ್ಯೂಟರು. ಒಡವೆಗೆ ಕಟ್ಟಿದ ಚೀಟಿಯಲ್ಲಿ ಬಾರ್‌ಕೋಡ್ ಇರುತ್ತದೆ, ಆ ದಿನದ ಗ್ರಾಂ ದರ ಬೆಳಿಗ್ಗೆಯೇ ಕಂಪ್ಯೂಟರಿನೊಳಗೆ ಸೇರಿರುತ್ತದೆ. ಗುಂಡಿ ಒತ್ತಿದರೆ ಪೈಸೆಯೂ ತಪ್ಪದ ಬಿಲ್ಲು ಈಚೆ ಬರುತ್ತದೆ. ಆದರೂ ಕೌಂಟರಿನ ಗಾಜಿನ ಮೇಲೆ, ಕೆಂಪು ವೆಲ್ವೆಟ್ ತಟ್ಟೆಯ ಪಕ್ಕದಲ್ಲಿ, ಒಂದು ಕ್ಯಾಲ್ಕುಲೇಟರ್ ಕೂತೇ ಇರುತ್ತದೆ. ದಪ್ಪ ಗುಂಡಿಗಳದ್ದು, ತಲೆಯ ಮೇಲೆ ಸೋಲಾರ್ ಪಟ್ಟಿಯದ್ದು, ವರ್ಷಗಟ್ಟಲೆ ಒತ್ತಿಸಿಕೊಂಡು ಐದರ ಗುಂಡಿಯ ಬಿಳಿ ಅರ್ಧ ಅಳಿಸಿಹೋದದ್ದು. ಮದುವೆ ಜವಳಿಗೂ ಚಿನ್ನಕ್ಕೂ ಬೆಂಗಳೂರಿನಿಂದ ಬೆಳಗಿನ ರೈಲು ಹತ್ತಿ ಬರುವ ನಮ್ಮ ಜನ ಕಾಂಜೀವರಂ ಸೀರೆಯ ನಂತರ ಅತಿ ಹೆಚ್ಚು ಹೊತ್ತು ದಿಟ್ಟಿಸುವ ವಸ್ತು ಇದೇ ಇರಬೇಕು.

ಅದು ಅಲ್ಲಿ ಮಾಡುವ ಕೆಲಸ ನೋಡಿ. ಮೂರು ಸವರನ್ನಿನ ಸರ; ಸವರನ್ನಿಗೆ ಎಂಟು ಗ್ರಾಂ, ಒಟ್ಟು 24 ಗ್ರಾಂ. ಲೆಕ್ಕ ಸುಲಭವಾಗಲೆಂದು ಗ್ರಾಮಿಗೆ 10,000 ರೂಪಾಯಿ ಎಂದೇ ಹಿಡಿಯೋಣ. ಸೇಲ್ಸ್‌ಮನ್ ಟಕಟಕ ಒತ್ತುತ್ತಾನೆ: 2,40,000. ಇದರ ಮೇಲೆ ‘ಸೇದಾರಂ’, ನಾವು ವೇಸ್ಟೇಜ್ ಅನ್ನುತ್ತೇವಲ್ಲ ಅದು, ಶೇ 12 ಅಂದರೆ 28,800. ಎರಡೂ ಸೇರಿ 2,68,800. ಶೇ 3 ಜಿಎಸ್‌ಟಿ 8,064. ಒಟ್ಟು 2,76,864. ಇಷ್ಟಾದ ಮೇಲೆ ಅವನು ಯಂತ್ರವನ್ನು ಎರಡು ಬೆರಳಲ್ಲಿ ಹಿಡಿದು ಗಿರಾಕಿಯ ಕಡೆಗೆ ತಿರುಗಿಸುತ್ತಾನೆ. “ಪಾರುಂಗಮ್ಮಾ.” ಅಮ್ಮ ನೋಡುತ್ತಾರೆ, ಮಗಳಿಗೆ ತೋರಿಸುತ್ತಾರೆ, ಮಗಳು ಅಪ್ಪನಿಗೆ. ಅಪ್ಪ ತಲೆ ಅಲ್ಲಾಡಿಸುತ್ತಾರೆ. “ಅಣ್ಣಾ, ಸೇದಾರಂ ಜಾಸ್ತಿ ಆಯ್ತು.” ಯಂತ್ರ ವಾಪಸು ತಿರುಗುತ್ತದೆ. ಈ ಸಲ ಶೇ 10 ಹಿಡಿದರೆ 2,71,920. ನಾಲ್ಕು ಸಾವಿರದ ಒಂಬೈನೂರ ನಲವತ್ತನಾಲ್ಕು ರೂಪಾಯಿ ಇಳಿಯಿತು. ಮತ್ತೆ ಗಿರಾಕಿಯ ಕಡೆಗೆ.

ಕಂಪ್ಯೂಟರಿನ ತೆರೆ ಇರುವುದು ಅಂಗಡಿಯವನ ಮುಖಕ್ಕೆ ನೇರವಾಗಿ. ಗಿರಾಕಿಗೆ ಅದರ ಬೆನ್ನು ಮಾತ್ರ. ಕ್ಯಾಲ್ಕುಲೇಟರಿನ ಮುಖ ಇಬ್ಬರಿಗೂ ಸಿಗುತ್ತದೆ. ಲೆಕ್ಕ ಮಾಡುವ ಕೆಲಸವನ್ನು ಅದರ ಕೈಯಿಂದ ಕಂಪ್ಯೂಟರು ಕಸಿದುಕೊಂಡು ಮೂವತ್ತು ವರ್ಷವಾದರೂ ಇದು ಟಿ. ನಗರದ ಕೌಂಟರಿನಿಂದ ಇಳಿಯದೆ ಇರುವುದಕ್ಕೆ ಕಾರಣ ನನಗೆ ತೋಚಿದ ಮಟ್ಟಿಗೆ ಇಷ್ಟೇ: ಇಲ್ಲಿ ಅದು ಲೆಕ್ಕ ಮಾಡುವುದಕ್ಕಿಂತ ಹೆಚ್ಚಾಗಿ ಲೆಕ್ಕ ತೋರಿಸುತ್ತದೆ.

ತೋರಿಸದೆ ಲೆಕ್ಕ ಮಾಡುವವರ ಕಾಲ ಬಹಳ ದೀರ್ಘವಾಗಿತ್ತು. ಮದರಾಸಿನ ಖಗೋಳ ವೀಕ್ಷಣಾಲಯದಲ್ಲಿ ಕೆಲಸ ಮಾಡಿದ ಜಾನ್ ವಾರನ್ ಎಂಬ ಸೇನಾಧಿಕಾರಿ 1825ರಲ್ಲಿ ‘ಕಾಲಸಂಕಲಿತ’ ಎಂಬ ಗ್ರಂಥ ಪ್ರಕಟಿಸಿದ. ಪುದುಚೇರಿಯ ಒಬ್ಬ ತಮಿಳು ಪಂಚಾಂಗದವನ ಸಂಗತಿ ಅವನು ಬರೆದಿಟ್ಟಿದ್ದರಿಂದ ನಮಗೆ ಸಿಕ್ಕಿದೆ. ಆತ ನೆಲದ ಮೇಲೆ ಕವಡೆಗಳನ್ನು ಇಡುತ್ತ, ತೆಗೆಯುತ್ತ, ಬಾಯಿಪಾಠದ ಕೋಷ್ಟಕಗಳನ್ನು ಗುನುಗುತ್ತ, ಆ ವರ್ಷದ ಚಂದ್ರಗ್ರಹಣವನ್ನು ಲೆಕ್ಕ ಹಾಕಿ ಹೇಳಿದ. ಕಾಗದವಿಲ್ಲ, ಲೇಖನಿಯಿಲ್ಲ. ಗ್ರಹಣ ಹಿಡಿಯುವ ಹೊತ್ತಿನಲ್ಲಿ ಅವನ ಲೆಕ್ಕ ತಪ್ಪಿದ್ದು ನಾಲ್ಕು ನಿಮಿಷ. ಮಧ್ಯಕ್ಕೆ, ಮೋಕ್ಷಕ್ಕೆ ಇನ್ನಷ್ಟು. ಪಕ್ಕದಲ್ಲಿ ಕೂತು ನೋಡಿದವರಿಗೆ ಕವಡೆ ಸರಿದದ್ದು ಕಾಣಿಸಿರಬಹುದು, ಲೆಕ್ಕ ಕಾಣಿಸಿರಲಿಕ್ಕಿಲ್ಲ. ಅಂದಹಾಗೆ ಈ ವಾರನ್ ನಮಗೆ ಅಪರಿಚಿತನೇನಲ್ಲ. 1802ರಲ್ಲಿ ಮೈಸೂರಿನ ಗಡಿ ಅಳೆಯುವ ಕೆಲಸದಲ್ಲಿದ್ದಾಗ ಕೋಲಾರದ ಮಣ್ಣಿನಲ್ಲಿ ಚಿನ್ನ ಇರುವುದನ್ನು ಪರೀಕ್ಷಿಸಿ ವರದಿ ಮಾಡಿದವನು ಇವನೇ.

ಚಿನ್ನದ ಲೆಕ್ಕವಂತೂ ನಮ್ಮಲ್ಲಿ ಅದಕ್ಕೂ ಸುಮಾರು ಸಾವಿರ ವರ್ಷ ಹಿಂದಿನದು. ನೃಪತುಂಗನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಬೇರೆ ಬೇರೆ ಬಣ್ಣದ, ಅಂದರೆ ಬೇರೆ ಬೇರೆ ಶುದ್ಧತೆಯ, ಬಂಗಾರದ ತುಂಡುಗಳನ್ನು ಕರಗಿಸಿ ಒಂದು ಮಾಡಿದರೆ ಸಿಗುವ ಬಣ್ಣ ಎಷ್ಟು ಎಂಬ ಲೆಕ್ಕಗಳಿಗೇ ಒಂದು ಭಾಗವಿದೆ. ಪ್ರತಿ ತುಂಡಿನ ತೂಕವನ್ನು ಅದರ ಬಣ್ಣದಿಂದ ಗುಣಿಸು, ಕೂಡು, ಒಟ್ಟು ತೂಕದಿಂದ ಭಾಗಿಸು. ಹಳೆ ಬಂಗಾರ ಕೊಟ್ಟು ಹೊಸದು ಕೊಳ್ಳುವಾಗ ಕೌಂಟರಿನವನು ಎಂ-ಪ್ಲಸ್ ಗುಂಡಿ ಒತ್ತಿ ಒತ್ತಿ ಮಾಡುವುದೂ ಇದನ್ನೇ. ಆ ಗ್ರಂಥ ಇಂಗ್ಲಿಷ್ ಅನುವಾದದೊಂದಿಗೆ ಮೊದಲು ಅಚ್ಚಾದದ್ದು ಇದೇ ಊರಿನಲ್ಲಿ. ಎಂ. ರಂಗಾಚಾರ್ಯರು ಸಂಪಾದಿಸಿ, ಮದರಾಸು ಸರ್ಕಾರಿ ಮುದ್ರಣಾಲಯದಿಂದ 1912ರಲ್ಲಿ ಹೊರಬಂತು. ಆಗ ಟಿ. ನಗರ ಇರಲೇ ಇಲ್ಲ. ಮಾಂಬಲದ ದೊಡ್ಡ ಕೆರೆಯ ಅಂಚನ್ನು ತುಂಬಿಸಿ ಬಡಾವಣೆ ಮಾಡಿ, ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರಿಟ್ಟದ್ದು 1920ರ ದಶಕದಲ್ಲಿ. ನಲ್ಲಿ ಸೀರೆ ಅಂಗಡಿ ಬಂದದ್ದು 1928ರಲ್ಲಿ.

ಯಂತ್ರದ ಕಥೆ ಬೇರೆ ಕಡೆಯದು. ಪ್ಯಾಸ್ಕಲ್ ತೆರಿಗೆ ಲೆಕ್ಕದ ಅಪ್ಪನಿಗಾಗಿ 1642ರಲ್ಲಿ ಹಲ್ಲಿನ ಚಕ್ರಗಳ ಪೆಟ್ಟಿಗೆ ಮಾಡಿದ್ದು, ಲೈಬ್ನಿಜ್ ಅದಕ್ಕೆ ಗುಣಾಕಾರ ಕಲಿಸಲು ಒದ್ದಾಡಿದ್ದು, ಫ್ರಾನ್ಸಿನ ತೊಮಾ ದ ಕೊಲ್ಮಾರ್ 1820ರಲ್ಲಿ ಪೇಟೆಂಟ್ ಪಡೆದು ಕಡೆಗೂ ಮಾರಾಟಕ್ಕೆ ತಂದದ್ದು, ಇವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇ. ನನಗೆ ಹೆಚ್ಚು ಕುತೂಹಲ ಇರುವುದು ಇದೇ ಚೆನ್ನೈಗೆ ಬಂದು ನೆಲೆನಿಂತ ಒಂದು ಸ್ವೀಡಿಷ್ ಯಂತ್ರದ ಬಗ್ಗೆ: ಫ್ಯಾಸಿಟ್.

ಕೃಷಿ ಅಥವಾ ಸಂಖ್ಯಾಶಾಸ್ತ್ರ ಓದಿದ ಎಪ್ಪತ್ತು ದಾಟಿದವರನ್ನು ಕೇಳಿ, ಈ ಹೆಸರು ಹೇಳಿದರೆ ಕೈ ತಾನಾಗಿಯೇ ಗಾಳಿಯಲ್ಲಿ ಹಿಡಿಕೆ ತಿರುಗಿಸುತ್ತದೆ. ಟೈಪ್‌ರೈಟರಿನ ತಮ್ಮನಂತೆ ಕಾಣುವ ಕಬ್ಬಿಣದ ಗಟ್ಟಿ ಯಂತ್ರ. ಸ್ವೀಡನ್ನಿನ ಓಟ್ವಿಡಾಬೆರಿ ಎಂಬ ಪುಟ್ಟ ಊರಿನ ಕಂಪನಿ. ಅಲ್ಲಿಯ ಕಾರ್ಲ್ ರುಡಿನ್ ಎಂಬಾತ 1930ರ ದಶಕದ ಆರಂಭದಲ್ಲಿ ಇದಕ್ಕೆ ಹತ್ತೇ ಹತ್ತು ಗುಂಡಿ ಸಾಕು ಎಂದು ತೋರಿಸಿಕೊಟ್ಟ. ಅದಕ್ಕೆ ಮೊದಲಿನ ಈ ಬಗೆಯ ಯಂತ್ರಗಳಲ್ಲಿ ಪ್ರತಿ ಸ್ಥಾನಕ್ಕೂ ಒಂದೊಂದು ಸನ್ನೆಯನ್ನು ಎಳೆದು ನಿಲ್ಲಿಸಬೇಕಿತ್ತು.

ಕೆಲಸ ಹೀಗೆ. 456ನ್ನು 123ರಿಂದ ಗುಣಿಸಬೇಕು ಅಂದುಕೊಳ್ಳಿ. 456 ಒತ್ತಿ ಹಿಡಿಕೆಯನ್ನು ಮೂರು ಸುತ್ತು ತಿರುಗಿಸುವುದು. ಸ್ಥಾನ ಬದಲಿಸುವ ಗುಂಡಿ ಒತ್ತಿ ಎರಡು ಸುತ್ತು. ಇನ್ನೊಮ್ಮೆ ಸ್ಥಾನ ಬದಲಿಸಿ ಒಂದು ಸುತ್ತು. ಆರು ಸುತ್ತಿಗೆ ಉತ್ತರ ಕಿಟಕಿಯಲ್ಲಿ: 56,088. ಭಾಗಾಕಾರ ಇದರ ತಿರುವು. ಹಿಂದಕ್ಕೆ ತಿರುಗಿಸುತ್ತಾ ಹೋಗಬೇಕು, ಕಳೆಯಲು ಉಳಿದಿಲ್ಲ ಅನ್ನುವಾಗ ಟಿಣ್ ಎಂದು ಗಂಟೆ ಹೊಡೆಯುತ್ತದೆ, ಆಗ ಒಂದು ಸುತ್ತು ಮುಂದಕ್ಕೆ ಬಂದು ಸ್ಥಾನ ಬದಲಿಸಬೇಕು. ಇಪ್ಪತ್ತು ವಿದ್ಯಾರ್ಥಿಗಳು ಒಂದೇ ಕೋಣೆಯಲ್ಲಿ ಭತ್ತದ ಇಳುವರಿಯ ಸರಾಸರಿ ತೆಗೆಯುತ್ತಿದ್ದರೆ ಆ ಸದ್ದು ಹೇಗಿದ್ದೀತು ಎಂದು ಊಹಿಸಿಕೊಳ್ಳಿ.

ಈ ಕಂಪನಿಯ ಭಾರತದ ಶಾಖೆ ಫ್ಯಾಸಿಟ್ ಏಷ್ಯಾ, ಮದರಾಸಿನದು. ಕಾರ್ಖಾನೆ ಇದ್ದದ್ದು ಪೆರುಂಗುಡಿಯಲ್ಲಿ, ಈಗ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಸಾಲಾಗಿ ನಿಂತಿರುವ ಹಳೆ ಮಹಾಬಲಿಪುರಂ ರಸ್ತೆಯ ಬದಿಗೆ. ನಮ್ಮ ಕಚೇರಿಗಳಲ್ಲಿ, ಕೋರ್ಟಿನ ಮುಂದಿನ ಮರದಡಿಯಲ್ಲಿ ಒಂದು ಕಾಲಕ್ಕೆ ತುಂಬಿಕೊಂಡಿದ್ದ ಫ್ಯಾಸಿಟ್ ಟೈಪ್‌ರೈಟರುಗಳು ಅಲ್ಲಿಂದಲೇ ಬಂದವು.

ಮೂಲ ಕಂಪನಿ ಸತ್ತ ಬಗೆ ಮಾತ್ರ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇಂದಿಗೂ ಪಾಠ. ಪ್ರಪಂಚದಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಕೆಲಸಗಾರರು, ಹಲ್ಲಿನ ಚಕ್ರದಲ್ಲಿ ಅವರನ್ನು ಮೀರಿಸುವವರಿಲ್ಲ. 1961ರಲ್ಲಿ ಇಂಗ್ಲೆಂಡಿನ ಬೆಲ್ ಪಂಚ್ ಕಂಪನಿ ‘ಅನಿಟಾ’ ಎಂಬ ಪೂರ್ತಿ ಎಲೆಕ್ಟ್ರಾನಿಕ್ ಯಂತ್ರ ತಂದಿತು. 1964ರಲ್ಲಿ ಜಪಾನಿನ ಹಯಕಾವಾ, ಅಂದರೆ ಇಂದಿನ ಶಾರ್ಪ್, ಟ್ರಾನ್ಸಿಸ್ಟರಿನ ಸಿಎಸ್-10ಎ ತಂದಿತು. ತೂಕ 25 ಕಿಲೋ, ಬೆಲೆ 5,35,000 ಯೆನ್, ಆಗಿನ ಒಂದು ಕಾರಿನ ಬೆಲೆಗೆ ಹತ್ತಿರ. ಇಂಥದ್ದು ಯಾರಿಗೆ ಬೇಕು ಎಂದು ಯಾರಿಗಾದರೂ ಅನ್ನಿಸಿದ್ದರೆ ಅಚ್ಚರಿಯಿಲ್ಲ. ವಿಚಿತ್ರವೆಂದರೆ ಫ್ಯಾಸಿಟ್‌ನವರಿಗೆ ಇದು ಗೊತ್ತಿಲ್ಲದೆ ಹೋಗಲಿಲ್ಲ. ಹಯಕಾವಾದ ಯಂತ್ರಗಳನ್ನೇ ತಂದು ತಮ್ಮ ಹೆಸರು ಹಚ್ಚಿ ಯುರೋಪಿನಲ್ಲಿ ಮಾರಿದರು. ಮಾರುತ್ತಲೇ ತಮ್ಮ ಹಿಡಿಕೆಯ ಯಂತ್ರಗಳ ತಯಾರಿಯನ್ನೂ ಹೆಚ್ಚಿಸಿಕೊಂಡರು. ಎಪ್ಪತ್ತರ ದಶಕ ಶುರುವಾಗುತ್ತಲೇ ಬೇಡಿಕೆ ಧಡಕ್ಕನೆ ಕುಸಿಯಿತು. 1973ರ ಹೊತ್ತಿಗೆ ಕಂಪನಿ ಎಲೆಕ್ಟ್ರೋಲಕ್ಸ್ ಪಾಲಾಯಿತು. ಕಣ್ಣೆದುರಿಗೆ ಇದ್ದದ್ದನ್ನು ನೋಡದೆ ಕೆಟ್ಟರು ಅನ್ನುತ್ತಾರೆ ಪಾಠ ಮಾಡುವವರು. ನನಗೇನೋ ನೋಡಿಯೂ ಕೈಬಿಡಲಾಗಲಿಲ್ಲ ಅನ್ನಿಸುತ್ತದೆ. ಅಷ್ಟು ಚೆನ್ನಾಗಿ ಬರುತ್ತಿದ್ದ ಕೆಲಸವನ್ನು ಯಾರು ತಾನೇ ಬಿಟ್ಟಾರು?

ಜಪಾನಿನಲ್ಲಿ ಮಾತ್ರ ದಿನಕ್ಕೊಂದು ಹೊಸದು. ಕಶಿಯೊ ಎಂಬ ನಾಲ್ವರು ಅಣ್ಣತಮ್ಮಂದಿರು 1957ರಲ್ಲಿ 342 ರಿಲೇಗಳನ್ನು ಜೋಡಿಸಿ ಮೇಜಿನಷ್ಟು ದೊಡ್ಡ ಲೆಕ್ಕದ ಯಂತ್ರ ಮಾಡಿದ್ದರು, ತೂಕ 140 ಕಿಲೋ. ಹದಿನೈದೇ ವರ್ಷದಲ್ಲಿ, 1972ರಲ್ಲಿ, ಅದೇ ಅಣ್ಣತಮ್ಮಂದಿರ ಕ್ಯಾಸಿಯೊ ಕಂಪನಿ 12,800 ಯೆನ್ನಿಗೆ ‘ಕ್ಯಾಸಿಯೊ ಮಿನಿ’ ಮಾರಿತು. ಆರೇ ಅಂಕಿಯ ತೆರೆ, ಆದರೆ ಮನೆಯ ಹೆಂಗಸರೂ ಕೊಳ್ಳುವ ಬೆಲೆ. ಬಿಸಿಕಾಂ ಎಂಬ ಇನ್ನೊಂದು ಜಪಾನೀ ಕ್ಯಾಲ್ಕುಲೇಟರ್ ಕಂಪನಿ ತನ್ನ ಯಂತ್ರಕ್ಕೆ ಚಿಪ್‌ಗಳನ್ನು ಮಾಡಿಕೊಡಿ ಎಂದು 1969ರಲ್ಲಿ ಇಂಟೆಲ್ ಹತ್ತಿರ ಹೋಯಿತು. ಹತ್ತಾರು ಬಗೆಯ ಚಿಪ್ ಮಾಡುವ ಬದಲು ಹೇಳಿದ ಹಾಗೆ ಕೇಳುವ ಒಂದೇ ಚಿಪ್ ಮಾಡೋಣ ಎಂದು ಇಂಟೆಲ್‌ನ ಟೆಡ್ ಹಾಫ್ ಸೂಚಿಸಿದರು. ಫೆಡೆರಿಕೊ ಫ್ಯಾಜಿನ್, ಬಿಸಿಕಾಂನ ಮಸಾತೊಶಿ ಶಿಮಾ ಅದನ್ನು ರೂಪಿಸಿದರು. 1971ರಲ್ಲಿ ಹೊರಬಂದ ಆ ಚಿಪ್ 4004, ಅದರಲ್ಲಿ 2,300 ಟ್ರಾನ್ಸಿಸ್ಟರು. ಜಗತ್ತಿನ ಮೊದಲ ಮೈಕ್ರೋಪ್ರೊಸೆಸರ್ ಎಂದು ಅದನ್ನು ಕರೆಯುತ್ತಾರೆ. ಹಾಗೆ ನೋಡಿದರೆ ಉಸ್ಮಾನ್ ರಸ್ತೆಯಲ್ಲಿ ಬಿಲ್ಲು ಹಾಕುವ ಕಂಪ್ಯೂಟರು ಅದರ ಪಕ್ಕದ ಕ್ಯಾಲ್ಕುಲೇಟರಿನ ಮನೆತನದಲ್ಲಿ ಹುಟ್ಟಿದ್ದು.

ನಮ್ಮ ದೇಶದಲ್ಲೂ ಹಾಗೇ ಆಯಿತು. ದೆಹಲಿಯ ಡಿಸಿಎಂ ಡೇಟಾ ಪ್ರಾಡಕ್ಟ್ಸ್ ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಕ್ಯಾಲ್ಕುಲೇಟರ್ ಮಾಡುತ್ತಿತ್ತು. ಅಲ್ಲಿದ್ದ ತೂತ್ತುಕುಡಿ ಕಡೆಯ ಶಿವ್ ನಾಡಾರ್ ಮತ್ತು ಗೆಳೆಯರು ಕೆಲಸ ಬಿಟ್ಟು ಮೈಕ್ರೋಕಾಂಪ್ ಎಂಬ ಕಂಪನಿ ಕಟ್ಟಿ, ‘ಟೆಲಿವಿಸ್ಟಾ’ ಹೆಸರಿನಲ್ಲಿ ಕ್ಯಾಲ್ಕುಲೇಟರ್ ಮಾರಿ ಬಂದ ದುಡ್ಡಿನಲ್ಲಿ ಕಂಪ್ಯೂಟರಿಗೆ ಕೈಹಾಕಿದರು. ಅದೇ ಎಚ್‌ಸಿಎಲ್. ಇತ್ತ ಮದರಾಸಿನ ಬೀಚ್ ಸ್ಟೇಷನ್ ಎದುರು ಬರ್ಮಾ ನಿರಾಶ್ರಿತರಿಗಾಗಿ 1969ರಲ್ಲಿ ಶುರುವಾದ ಬರ್ಮಾ ಬಜಾರಿನಲ್ಲಿ ವಿದೇಶಿ ಮಾಲು ಸಿಗುತ್ತಿತ್ತು. ಹಡಗಿನಲ್ಲಿ ಬಂದದ್ದು, ಗುಟ್ಟಾಗಿ ಬಂದದ್ದು, ಎಲ್ಲವೂ. ಆ ಕಾಲದ ಕಾಲೇಜು ಹುಡುಗರ ಬಳಿ ಇದ್ದದ್ದು ಲಾಗರಿದಂ ಕೋಷ್ಟಕಗಳ ಪುಸ್ತಕ ಕ್ಲಾರ್ಕ್ಸ್ ಟೇಬಲ್ ಮಾತ್ರ. ‘ಫಾರಿನ್’ ಚಿಕ್ಕಪ್ಪ ಇದ್ದವನ ಕೈಯಲ್ಲಿ ಕ್ಯಾಸಿಯೊ.

ಇನ್ನು ಶೇಕಡಾ ಗುಂಡಿಯ ವಿಷಯ. ಇದನ್ನು ಹೇಳದೆ ಬಿಟ್ಟರೆ ಅಂಗಡಿಯವರು ಒಪ್ಪುವುದಿಲ್ಲ. ಮೇಲಿನ ಸರದ ಲೆಕ್ಕದಲ್ಲಿ 2,40,000ಕ್ಕೆ ಶೇ 12 ಸೇರಿಸಬೇಕು. ಕೆಲವು ಕಂಪನಿಗಳ ಯಂತ್ರದಲ್ಲಿ 240000, ಕೂಡು, 12, ಶೇಕಡಾ ಎಂದು ಒತ್ತಿದರೆ 2,68,800 ಬರುತ್ತದೆ. ಅದೇ ಗುಂಡಿಗಳನ್ನು ಅದೇ ಸಾಲಿನಲ್ಲಿ ಕ್ಯಾಸಿಯೊದ ಮೇಜಿನ ಮಾದರಿಗಳಲ್ಲಿ ಒತ್ತಿ ನೋಡಿ, ಇಪ್ಪತ್ತು ಲಕ್ಷದ ನೂರು ಬರುತ್ತದೆ. ಯಂತ್ರ ಕೆಟ್ಟಿಲ್ಲ. ಹನ್ನೆರಡು ಇದ್ದದ್ದಕ್ಕೆ ಎರಡು ಲಕ್ಷದ ನಲವತ್ತು ಸಾವಿರ ಸೇರಿದರೆ ಅದು ಮೂಲದ ಶೇಕಡಾ ಎಷ್ಟಾಯಿತು ಎಂಬ ಬೇರೆಯೇ ಪ್ರಶ್ನೆಗೆ ಅದು ಉತ್ತರ ಕೊಟ್ಟಿದೆ. ಕ್ಯಾಸಿಯೊದಲ್ಲಿ ಗುಣಿಸು, 12, ಶೇಕಡಾ, ಆಮೇಲೆ ಕೂಡು ಒತ್ತಬೇಕು. ಅಂಗಡಿ ಬದಲಿಸಿದ ಸೇಲ್ಸ್‌ಮನ್ ಹೊಸ ಕೌಂಟರಿನಲ್ಲಿ ಮೊದಲ ದಿನ ತಡವರಿಸುವುದು ಇಲ್ಲೇ.

ಮೊಬೈಲಿನಲ್ಲೇ ಕ್ಯಾಲ್ಕುಲೇಟರ್ ಇರುವಾಗ ಇದೇಕೆ ಎನ್ನುವವರಿಗೂ ಉತ್ತರ ಗುಂಡಿಗಳಲ್ಲೇ ಇದೆ. 2 ಕೂಡು 3 ಗುಣಿಸು 4 ಎಂದು ಮೊಬೈಲಿಗೆ ಕೊಟ್ಟರೆ ಶಾಲೆಯಲ್ಲಿ ಕಲಿತ ನಿಯಮದಂತೆ 14 ಅನ್ನುತ್ತದೆ. ಅಂಗಡಿಯ ಯಂತ್ರ 20 ಅನ್ನುತ್ತದೆ, ಕೈಗೆ ಬಂದದ್ದನ್ನು ಬಂದ ಹಾಗೆ ಮುಗಿಸುತ್ತ ಹೋಗುವುದು ಅದರ ರೀತಿ. ವ್ಯಾಪಾರಿಯ ತಲೆ ಓಡುವುದೂ ಹಾಗೆಯೇ: ಎರಡು ರವಿಕೆ ಕಣ, ಮೂರು ಟವೆಲು, ಇಷ್ಟಕ್ಕೂ ಹತ್ತು ಪರ್ಸೆಂಟ್ ಬಿಡು. ಕಣ್ಣು ಸೀರೆಯ ಮೇಲೆ, ಬಾಯಿ ಗಿರಾಕಿಯ ಜೊತೆ, ಬೆರಳು ಮಾತ್ರ ಗುಂಡಿಯ ಮೇಲೆ ಇಟ್ಟುಕೊಂಡು ಹತ್ತು ಐಟಂ ಕೂಡಿಸುವವನಿಗೆ ಗಾಜಿನ ನುಣ್ಣನೆ ತೆರೆ ಯಾವ ಕೆಲಸಕ್ಕೂ ಬಾರದು. ಇನ್ನು ‘ಚೆಕ್’ ಗುಂಡಿ. ನೂರಕ್ಕೂ ಹೆಚ್ಚು ಹೆಜ್ಜೆಗಳನ್ನು ನೆನಪಿಟ್ಟುಕೊಂಡು ಒಂದೊಂದಾಗಿ ಹಿಂದಕ್ಕೆ ತೋರಿಸುವ ಈ ಸೌಲಭ್ಯ ಗಿರಾಕಿಗೆ ಅನುಮಾನ ಬಂದಾಗ ಬೇಕು. “ಇದು ಯಾವುದು ಮುನ್ನೂರ ಎಂಬತ್ತು?” ಎಂದರೆ ಅವನು ಪಟಪಟ ಒತ್ತಿ ಆ ಅಂಕಿಯಲ್ಲಿ ನಿಲ್ಲಿಸಿ, ಟವೆಲನ್ನು ಎತ್ತಿ ತೋರಿಸುತ್ತಾನೆ. ಸಾಮಾನ್ಯವಾಗಿ ತೆರೆಯಲ್ಲಿ ಹನ್ನೆರಡು ಅಂಕಿ. ಲಕ್ಷ ಕೋಟಿಗೆ ಒಂದು ರೂಪಾಯಿ ಕಡಿಮೆಯ ತನಕ. ಚಿನ್ನದಂಗಡಿಗೂ ಅಷ್ಟು ಸಾಕು. ನಮ್ಮ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದ ಉತ್ತರ ಇಪ್ಪತ್ತಾರು ಅಂಕಿಯದು. ಅದು ಈ ಯಂತ್ರದ ಅಗಲಕ್ಕೆ ದಕ್ಕುವ ಮಾತಲ್ಲ.

ಅದೇ ಟಿ. ನಗರದ ಪಾಂಡಿ ಬಜಾರಿನ ಫುಟ್‌ಪಾತಿಗೆ ಬಂದರೆ ಆಟದ ರೂಪವೇ ಬದಲು. 2019ರಲ್ಲಿ ಇಲ್ಲಿ ಅಗಲವಾದ ನಡೆದಾರಿ ಬಂದಿದೆ, ಬೀದಿ ವ್ಯಾಪಾರಿಗಳಿಗೆ ಅದಕ್ಕೂ ಮೊದಲೇ ಒಂದು ಬಹುಮಹಡಿ ಕಟ್ಟಡವೂ ಆಗಿದೆ. ಚೌಕಾಸಿ ಮಾತ್ರ ಮೊದಲಿನ ಹಾಗೇ. ಟಿ. ನಗರದಲ್ಲಿ ಕರ್ನಾಟಕ ಸಂಘವಿದೆ, ಅದರ ಶಾಲೆಯಿದೆ, ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದವರಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಬೆಂಗಳೂರಿನಿಂದಲೋ ಮಂಡ್ಯದಿಂದಲೋ ಬಂದವರಿಗೆ ಹಾಗಲ್ಲ. ‘ನಾನೂತ್ತಿ ಐಂಬದು’ ಎಂದರೆ ನಾನೂರ ಐವತ್ತೋ ಮತ್ತೊಂದೋ ಎಂಬ ಗಲಿಬಿಲಿ. ಆಗ ವ್ಯಾಪಾರಿ ಚೀಲಗಳ ರಾಶಿಯ ನಡುವಿನಿಂದ ತನ್ನ ಯಂತ್ರ ತೆಗೆದು 450 ಒತ್ತಿ ಕೈಗೆ ಕೊಡುತ್ತಾನೆ. ಚಿನ್ನದಂಗಡಿಯಲ್ಲಿ ಯಂತ್ರ ತಿರುಗುತ್ತದೆ ಅಷ್ಟೆ, ಇಲ್ಲಿ ಕೈಬದಲಾಗುತ್ತದೆ. ಗಿರಾಕಿ ಸಿ ಒತ್ತಿ, 250 ಬರೆದು ವಾಪಸು. ಅವನು ನಕ್ಕು 400. ಇವರು 280. ಒಂದು ಮಾತಿಲ್ಲ, ಒಂದು ಲೆಕ್ಕವೂ ಇಲ್ಲ. ಕೂಡುವ, ಕಳೆಯುವ ಗುಂಡಿಗಳನ್ನು ಯಾರೂ ಮುಟ್ಟುವುದಿಲ್ಲ. ಪ್ಯಾಸ್ಕಲನಿಂದ ಬಿಸಿಕಾಂವರೆಗೆ ಮುನ್ನೂರು ಚಿಲ್ಲರೆ ವರ್ಷ ಪಟ್ಟ ಪಾಡೆಲ್ಲ ಇಲ್ಲಿ ಬರೀ ಸ್ಲೇಟಾಗಿದೆ. 320ಕ್ಕೆ ಚೀಲ ಕೈಸೇರುತ್ತದೆ.

ಕಂಪನಿಗಳಿಗೂ ಈ ಬೀದಿಯ ಗುಟ್ಟು ತಿಳಿದಿದೆ. ಪಾಶ್ಚಾತ್ಯರಂತೆ ಮೂರು ಮೂರು ಅಂಕಿಗೆ ಅಲ್ಪವಿರಾಮ ಹಾಕುತ್ತಿದ್ದ ತೆರೆಗಳ ಜೊತೆಗೆ ಈಗ ಲಕ್ಷ, ಕೋಟಿಯ ಜಾಗದಲ್ಲಿ ಹಾಕುವ ಮಾದರಿಗಳೂ ಬಂದಿವೆ. ಜಿಎಸ್‌ಟಿ ಜಾರಿಯಾದ ಮರುವರ್ಷ ಕ್ಯಾಸಿಯೊ ಭಾರತಕ್ಕೆಂದೇ ಜಿಎಸ್‌ಟಿ ಕ್ಯಾಲ್ಕುಲೇಟರ್ ತಂದಿತು, ಐದು ತೆರಿಗೆ ದರಗಳಿಗೆ ಐದು ಗುಂಡಿ. 2025ರ ಸೆಪ್ಟೆಂಬರ್ 22ರಿಂದ ಶೇ 12 ಮತ್ತು 28ರಲ್ಲಿದ್ದ ಬಹುಪಾಲು ಸರಕು ಬೇರೆ ದರಗಳಿಗೆ ಸರಿದ ಮೇಲೆ ಆ ಎರಡು ಗುಂಡಿಗಳಿಗೆ ಕೆಲಸ ಇಲ್ಲದಂತಾಯಿತು. ದರವನ್ನು ಬದಲಿಸಿಕೊಳ್ಳಲು ಯಂತ್ರದಲ್ಲೇ ಅವಕಾಶವಿದೆ, ಅದಕ್ಕೆ ಕೈಪಿಡಿ ಓದಬೇಕು. ಡಬ್ಬಿಯ ಜೊತೆ ಬಂದ ಕೈಪಿಡಿಯನ್ನು ಎತ್ತಿಟ್ಟ ಅಂಗಡಿಯವನು ನನಗಂತೂ ಸಿಕ್ಕಿಲ್ಲ.

ಚಿನ್ನಕ್ಕೆ ಇದರ ಬಿಸಿ ತಟ್ಟಲಿಲ್ಲ, ಅದು ಶೇ 3ರಲ್ಲೇ ಇದೆ. ರೆಡಿಮೇಡ್ ಬಟ್ಟೆಯಂಗಡಿಯಲ್ಲಿ ಮಾತ್ರ ಯಂತ್ರಕ್ಕೆ ಹೊಸ ಕೆಲಸ ಬಂದಿದೆ. ಈಗ ಒಂದು ಉಡುಪಿನ ಬೆಲೆ ತೆರಿಗೆಗೆ ಮುಂಚೆ 2,500 ರೂಪಾಯಿಯವರೆಗೆ ಇದ್ದರೆ ಶೇ 5, ದಾಟಿದರೆ ಶೇ 18. “ಒಂದೇ ಬಗೆಯ ಚೂಡಿದಾರ್, ಇದಕ್ಕೇಕೆ ಇಷ್ಟು ಹೆಚ್ಚು?” ಎಂದು ಕೇಳಿದರೆ ಮಾತಿನಲ್ಲಿ ವಿವರಿಸುವ ಗೋಜಿಗೆ ಸೇಲ್ಸ್‌ಗರ್ಲ್ ಹೋಗುವುದಿಲ್ಲ. 2500ಕ್ಕೆ ಐದು ಪರ್ಸೆಂಟ್ ಸೇರಿಸಿ 2,625 ತೋರಿಸುತ್ತಾಳೆ. 2501 ಒತ್ತಿ, ಹದಿನೆಂಟು ಸೇರಿಸಿ, ಮತ್ತೆ ತಿರುಗಿಸುತ್ತಾಳೆ: 2,951.18. ಒಂದು ರೂಪಾಯಿ ದಾಟಿದ್ದಕ್ಕೆ ಮುನ್ನೂರ ಇಪ್ಪತ್ತಾರು ರೂಪಾಯಿ. “ಅಕ್ಕಾ, ನೀಂಗಳೇ ಪೋಟ್ಟು ಪಾರುಂಗ,” ಎಂದು ಯಂತ್ರವನ್ನೇ ಮುಂದೆ ಸರಿಸುತ್ತಾಳೆ. ಅಕ್ಕ ಎರಡೂ ಲೆಕ್ಕವನ್ನು ತಾವೇ ಒತ್ತಿ ನೋಡಿ, ಕಡಿಮೆಯದನ್ನು ಪ್ಯಾಕ್ ಮಾಡಿ ಅನ್ನುತ್ತಾರೆ.